ತೊಗರಿ ಹೊಲದಿಂದ ಕುರಿಹಟ್ಟಿಯವರೆಗೆ: ವೈರಾಣುಗಳ ಆನುವಂಶಿಕ ವಸ್ತು

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಅವುಗಳ ಬೇಸಾಯ ಒಂದೇ ಬಗೆಯದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಬಯಲಿನಲ್ಲಿ ಭತ್ತವೇ ಮುಖ್ಯ ಬೆಳೆಯಾಗಿದ್ದರೆ, ಮಸ್ಕಿ ಮತ್ತು ಲಿಂಗಸುಗೂರಿನ ಕಾಲುವೆ ತಲುಪದ ಎರೆ ಹಾಗೂ ಮಸಾರಿ ಹೊಲಗಳಲ್ಲಿ ತೊಗರಿ, ಹತ್ತಿ, ಸಜ್ಜೆ, ಹೆಸರು, ಸೂರ್ಯಕಾಂತಿಗಳು ಮಳೆಯನ್ನು ನಂಬಿ ಬೆಳೆಯುತ್ತವೆ. ಬೆಳೆ ಕೊಯ್ದ ಹೊಲಗಳಲ್ಲಿ ಕುರಿಹಿಂಡುಗಳು ಬೀಡುಬಿಡುತ್ತವೆ. ಈ ಸೀಮೆಯನ್ನು ಕಾಡುವ ತೊಗರಿಯ ಗೊಡ್ಡು ರೋಗ, ಮೆಣಸಿನ ಗಿಡದ ಮುಟುರು ರೋಗ, ಹೆಸರಿನ ಹಳದಿ ರೋಗ, ದನಗಳ ಕಾಲುಬಾಯಿ ರೋಗ, ಕುರಿಗಳ ನೀಲಿ ನಾಲಿಗೆ ರೋಗ, ಮನುಷ್ಯರ ಚಿಕೂನ್‌ಗುನ್ಯಾ ಇವೆಲ್ಲಕ್ಕೂ ವೈರಾಣುಗಳೇ ಕಾರಣ. ಆದರೆ ವೈರಾಣು ಎಂಬ ಒಂದೇ ಹೆಸರಿನಡಿ ಬರುವ ಇವುಗಳ ಒಳಗಿರುವ ಆನುವಂಶಿಕ ವಸ್ತು ಒಂದರಂತೆ ಇನ್ನೊಂದರದಲ್ಲ, ಮತ್ತು ಒಂದು ರೋಗಕ್ಕೆ ಲಸಿಕೆ ಸುಲಭವಾಗಿ ಸಿಕ್ಕಿ ಇನ್ನೊಂದಕ್ಕೆ ಸಿಗದೇ ಹೋಗುವುದಕ್ಕೂ, ಒಂದರ ಮೂಲ ಬೇಗ ಪತ್ತೆಯಾಗಿ ಇನ್ನೊಂದರ ಮೂಲ ಏಳು ದಶಕ ಅಡಗಿ ಕುಳಿತುಕೊಳ್ಳುವುದಕ್ಕೂ ಈ ವ್ಯತ್ಯಾಸದಲ್ಲಿಯೇ ಬಹುಮಟ್ಟಿಗೆ ಉತ್ತರವಿದೆ.

ಮರ, ಮನುಷ್ಯ, ಬ್ಯಾಕ್ಟೀರಿಯಾ ಹೀಗೆ ಜೀವಕೋಶವಿರುವ ಪ್ರತಿಯೊಂದು ಜೀವಿಯೂ ತನ್ನ ವಂಶದ ಮಾಹಿತಿಯನ್ನು ಡಿಎನ್‌ಎ ಎಂಬ ರಾಸಾಯನಿಕದ ಎರಡೆಳೆಯ ಸರಪಳಿಯಲ್ಲಿ ಇಟ್ಟುಕೊಂಡಿರುತ್ತದೆ. ಈ ಸರಪಳಿಯ ಕೊಂಡಿಗಳು ನಾಲ್ಕೇ ಬಗೆಯವು. ಅವುಗಳನ್ನು ನಾಲ್ಕು ಅಕ್ಷರಗಳೆಂದು ಕರೆಯುವುದು ವಿಜ್ಞಾನದ ರೂಢಿ, ಮತ್ತು ಅಕ್ಷರಗಳು ಯಾವ ಕ್ರಮದಲ್ಲಿ ನಿಂತಿವೆ ಎಂಬುದರ ಮೇಲೆ ಕೋಶದಲ್ಲಿ ಯಾವ ಪ್ರೋಟೀನು ತಯಾರಾಗಬೇಕೆಂಬುದು ತೀರ್ಮಾನವಾಗುತ್ತದೆ. ಕೋಶವು ತನಗೆ ಬೇಕಾದ ಭಾಗವನ್ನಷ್ಟೇ ಡಿಎನ್‌ಎಯಿಂದ ಆರ್‌ಎನ್‌ಎ ಎಂಬ ಇನ್ನೊಂದು ರಾಸಾಯನಿಕದಲ್ಲಿ ನಕಲು ಮಾಡಿಕೊಳ್ಳುತ್ತದೆ. ರೈಬೋಸೋಮ್ ಎಂಬ ಸೂಕ್ಷ್ಮ ಘಟಕಗಳು ಆ ನಕಲನ್ನು ಓದಿ ಪ್ರೋಟೀನನ್ನು ಕಟ್ಟುತ್ತವೆ. ವೈರಾಣುವಿಗೆ ಕೋಶವೂ ಇಲ್ಲ, ರೈಬೋಸೋಮೂ ಇಲ್ಲ. ಪ್ರೋಟೀನಿನ ಹೊದಿಕೆಯೊಳಗೆ ಸುತ್ತಿಟ್ಟ ಆನುವಂಶಿಕ ವಸ್ತುವೇ ಅದರ ಸರ್ವಸ್ವ, ಮತ್ತು ಆ ವಸ್ತು ಡಿಎನ್‌ಎಯೂ ಆಗಿರಬಹುದು, ಆರ್‌ಎನ್‌ಎಯೂ ಆಗಿರಬಹುದು. ಒಂಟಿ ಎಳೆಯದ್ದಿರಬಹುದು, ಜೋಡಿ ಎಳೆಯದ್ದಿರಬಹುದು. ಉದ್ದನೆಯ ಒಂದು ದಾರವಾಗಿರಬಹುದು, ಬಳೆಯಾಕಾರದಲ್ಲಿರಬಹುದು, ಹಲವು ತುಂಡುಗಳಾಗಿ ಹಂಚಿಹೋಗಿರಬಹುದು. ಉಳಿದ ಜೀವಲೋಕದಲ್ಲಿ ಎಲ್ಲಿಯೂ ಇಲ್ಲದ ಈ ವೈವಿಧ್ಯವನ್ನು ಅಮೆರಿಕದ ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಒಂದು ಕ್ರಮಕ್ಕೆ ತಂದರು. ಯಾವ ವೈರಾಣುವಾದರೂ ಕೊನೆಗೆ ರೈಬೋಸೋಮಿಗೆ ಓದಲು ಬರುವ ಆರ್‌ಎನ್‌ಎ ರೂಪವನ್ನು ಒದಗಿಸಲೇಬೇಕು, ಆ ರೂಪವನ್ನು ಮುಟ್ಟಲು ಅದು ಹಿಡಿಯುವ ದಾರಿಯೇ ಅದರ ಗುಂಪನ್ನು ಸೂಚಿಸುತ್ತದೆ ಎಂಬುದು ಅವರ ವಿಂಗಡಣೆಯ ತಿರುಳು. ಅಂಥ ಏಳು ಗುಂಪುಗಳನ್ನು ಈಗ ಗುರುತಿಸಲಾಗಿದೆ.

ಈ ತಿಳಿವಳಿಕೆಯವರೆಗಿನ ಹಾದಿ ದನದ ಕೊಟ್ಟಿಗೆಯಿಂದಲೇ ಆರಂಭವಾಯಿತೆನ್ನಬಹುದು. 1898ರಲ್ಲಿ ಜರ್ಮನಿಯ ಫ್ರೆಡ್ರಿಕ್ ಲೋಫ್ಲರ್ ಮತ್ತು ಪಾಲ್ ಫ್ರಾಷ್ ಅವರು ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಸೋಸುಕದ ಮೂಲಕ ಹಾಯಿಸಿದ ದ್ರವವೂ ಕಾಲುಬಾಯಿ ರೋಗವನ್ನು ಹರಡುತ್ತದೆಂದು ತೋರಿಸಿದಾಗ, ಪ್ರಾಣಿಗಳಲ್ಲಿ ರೋಗ ತರುವ ವೈರಾಣುವೊಂದು ಮೊದಲ ಬಾರಿಗೆ ಗುರುತಿಗೆ ಬಂತು. ವೆಂಡೆಲ್ ಸ್ಟ್ಯಾನ್ಲಿ 1935ರಲ್ಲಿ ತಂಬಾಕಿನ ಮೊಸಾಯಿಕ್ ವೈರಾಣುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದರಲ್ಲಿ ಪ್ರೋಟೀನಿನ ಜೊತೆಗೆ ಆರ್‌ಎನ್‌ಎ ಕೂಡ ಇದೆಯೆಂದು ಮರುವರ್ಷ ಬ್ರಿಟನ್ನಿನ ಬಾಡೆನ್ ಮತ್ತು ಪಿರೀ ಕಂಡುಕೊಂಡರು. ಆ ಆರ್‌ಎನ್‌ಎಯನ್ನೊಂದೇ, ಹೊದಿಕೆಯಿಲ್ಲದೆ, ತಂಬಾಕಿನ ಎಲೆಗೆ ಉಜ್ಜಿದರೂ ರೋಗ ಬರುತ್ತದೆಂದು 1956ರಲ್ಲಿ ಸಾಬೀತಾದಾಗ, ಡಿಎನ್‌ಎ ಇಲ್ಲದೆಯೂ ಆನುವಂಶಿಕತೆ ಸಾಧ್ಯವೆಂಬುದು ನಿಶ್ಚಿತವಾಯಿತು.

ತಂಬಾಕಿನ ವೈರಾಣುವಿನ ಆರ್‌ಎನ್‌ಎ ಹೀಗೆ ಬರಿಮೈಯಲ್ಲಿ ಹೋಗಿಯೂ ರೋಗ ತಂದದ್ದು ಅದು ನೇರ ಎಳೆಯಾಗಿದ್ದುದರಿಂದ. ಅಂದರೆ ಕೋಶದ ರೈಬೋಸೋಮು ಅದನ್ನು ಸಿಕ್ಕ ಕ್ಷಣವೇ ಓದಬಲ್ಲದು. ಆದರೆ ಕೆಲವು ವೈರಾಣುಗಳ ಆರ್‌ಎನ್‌ಎ ಕಚೇರಿಯ ಮೊಹರಿನ ಮೇಲೆ ತಿರುವುಮುರುವಾಗಿ ಕೊರೆದ ಅಕ್ಷರಗಳಂತಿರುತ್ತದೆ. ಮೊಹರನ್ನು ಕಾಗದದ ಮೇಲೆ ಒತ್ತಿದ ನಂತರವೇ ಬರಹ ಓದಲು ಬರುವ ಹಾಗೆ, ಈ ವಿಲೋಮ ಎಳೆಯಿಂದ ಒಂದು ಎದುರು ನಕಲು ತೆಗೆದ ಮೇಲೆಯೇ ರೈಬೋಸೋಮು ಅದನ್ನು ಓದೀತು. ಆರ್‌ಎನ್‌ಎಯಿಂದ ಆರ್‌ಎನ್‌ಎಯ ನಕಲನ್ನು ಹೀಗೆ ತೆಗೆದುಕೊಡಬಲ್ಲ ಕಿಣ್ವವನ್ನು ಇಂಥ ವೈರಾಣು ಆತಿಥೇಯ ಕೋಶದಿಂದ ನಿರೀಕ್ಷಿಸುವಂತಿಲ್ಲವಾದ್ದರಿಂದ ತನ್ನ ಹೊದಿಕೆಯೊಳಗೆ ಜೊತೆಯಲ್ಲಿಯೇ ಹೊತ್ತು ತರುತ್ತದೆ. ತೊಗರಿಯ ಗೊಡ್ಡು ರೋಗದ ವೈರಾಣು ಈ ಜಾತಿಯದು.

ಗೊಡ್ಡು ರೋಗ ತಗುಲಿದ ತೊಗರಿ ಸಾಯುವುದಿಲ್ಲ. ಎಲೆಗಳು ಚಿಕ್ಕದಾಗಿ, ತಿಳಿಹಸಿರು ಮತ್ತು ಕಡುಹಸಿರಿನ ಮಚ್ಚೆಗಳಿಂದ ತುಂಬಿ, ಗಿಡ ಪೊದೆಯಂತೆ ಕವಲೊಡೆದು ನಿಲ್ಲುತ್ತದೆ. ಸುತ್ತಲಿನ ಗಿಡಗಳು ಹೂವು ಕಾಯಿ ತುಂಬಿಕೊಂಡಾಗ ಅದು ಮಾತ್ರ ಹಸಿರಾಗಿಯೇ ಬಂಜೆಯಾಗಿ ಉಳಿಯುತ್ತದೆ. ಬಿತ್ತಿದ ಮೊದಲ ಒಂದೂವರೆ ತಿಂಗಳೊಳಗೆ ರೋಗ ಹತ್ತಿದರೆ ಆ ಗಿಡದಿಂದ ಫಸಲನ್ನು ಬಹುತೇಕ ಮರೆತುಬಿಡಬೇಕು. ಈ ರೋಗವನ್ನು ಬಿಹಾರದ ಪೂಸಾದಲ್ಲಿ 1931ರಲ್ಲೇ ವರದಿ ಮಾಡಲಾಗಿತ್ತು. ಕಸಿ ಕಟ್ಟಿದಾಗ ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುತ್ತದೆಂಬುದೂ, ಹೊಲದಲ್ಲಿ ಅದನ್ನು ಹೊತ್ತು ತಿರುಗುವುದು ಬರಿಗಣ್ಣಿಗೆ ಕಾಣದ, ಮಿಲಿಮೀಟರಿನ ಐದನೇ ಒಂದು ಭಾಗದಷ್ಟೇ ಉದ್ದದ ಒಂದು ಬಗೆಯ ನುಸಿಯೆಂಬುದೂ ಕೆಲವು ದಶಕಗಳಲ್ಲಿ ತಿಳಿದುಬಂತು. ಇಷ್ಟೆಲ್ಲ ತಿಳಿದರೂ ರೋಗಕಾರಕವು ಸೂಕ್ಷ್ಮದರ್ಶಕಕ್ಕಾಗಲೀ ಪ್ರಯೋಗಾಲಯಕ್ಕಾಗಲೀ ಸಿಕ್ಕಲಿಲ್ಲ. ತೊಗರಿ ಎಲೆಯ ರಸದಿಂದ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ; ಹೊರತೆಗೆದ ಕಣಗಳು ಬೇಗನೆ ಒಡೆದುಹೋಗುತ್ತವೆ.

ಹೈದರಾಬಾದಿನ ಬಳಿ ಪಟಾಂಚೇರುವಿನಲ್ಲಿರುವ ಅಂತರರಾಷ್ಟ್ರೀಯ ಅರೆಶುಷ್ಕ ಉಷ್ಣವಲಯ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಇಕ್ರಿಸ್ಯಾಟ್, ಮತ್ತು ಸ್ಕಾಟ್ಲೆಂಡಿನ ಬೆಳೆ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳಾದ ಪಿ. ಲಾವಾ ಕುಮಾರ್, ಎ. ಟಿ. ಜೋನ್ಸ್ ಮತ್ತು ಸಂಗಡಿಗರು ಶತಮಾನ ಉರುಳುವ ಹೊತ್ತಿಗೆ ರೋಗಗ್ರಸ್ತ ಗಿಡಗಳಲ್ಲಿ ಹಲವು ತುಂಡುಗಳ ಆರ್‌ಎನ್‌ಎ ಇರುವ ಹೊಸ ವೈರಾಣುವೊಂದನ್ನು ಕೊನೆಗೂ ಹಿಡಿದರು. 2014ರಲ್ಲಿ ಅದರ ಆನುವಂಶಿಕ ಬರಹ ಇಡಿಯಾಗಿ ಓದಲ್ಪಟ್ಟಾಗ, ಅದು ಐದು ತುಂಡುಗಳ ವಿಲೋಮ ಆರ್‌ಎನ್‌ಎ ಎಂಬುದು ಸ್ಪಷ್ಟವಾಯಿತು; ಮರುವರ್ಷ ಅದೇ ರೋಗದೊಡನೆ ಆರು ತುಂಡುಗಳ ಇನ್ನೊಂದು ವೈರಾಣುವೂ ಇದೆಯೆಂದು ತಿಳಿಯಿತು. ಒಂದೇ ರೋಗವೆಂದು ಎಂಟು ದಶಕಗಳಿಂದ ಕರೆಯುತ್ತ ಬಂದುದರ ಹಿಂದೆ ಎರಡು ವೈರಾಣುಗಳಿದ್ದು, ಅವು ಒಮ್ಮೊಮ್ಮೆ ಒಂದೇ ಗಿಡದಲ್ಲಿ ಜೊತೆಯಾಗಿಯೂ ಇರುತ್ತವೆಂಬುದು ತಳಿ ಅಭಿವೃದ್ಧಿಪಡಿಸುವವರಿಗೆ ಸಣ್ಣ ಸಂಗತಿಯಲ್ಲ. ಒಂದು ಊರಿನಲ್ಲಿ ರೋಗ ತಡೆದ ತಳಿ ಮತ್ತೊಂದು ಊರಿನಲ್ಲಿ ಅದಕ್ಕೆ ಶರಣಾಗುವ ಅನುಭವ ತೊಗರಿಯಲ್ಲಿ ಹಳೆಯದು, ಮತ್ತು ಅದಕ್ಕೆ ಕಾರಣ ಹುಡುಕುವಾಗ ಹೊಲದಲ್ಲಿರುವುದು ಯಾವ ವೈರಾಣು ಎಂಬ ಪ್ರಶ್ನೆಯನ್ನು ಇನ್ನು ಬಿಡುವಂತಿಲ್ಲ. ಈ ಭಾಗದಲ್ಲಿ ಮನೆಮಾತಾದ ಮಾರುತಿ ತಳಿ ಶಿಲೀಂಧ್ರದಿಂದ ಬರುವ ನೆಟೆ ರೋಗವನ್ನು ತಡೆದುಕೊಳ್ಳುತ್ತದಾದರೂ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಒಂದು ಶಿಲೀಂಧ್ರಕ್ಕೆ ಎದುರು ನಿಲ್ಲುವ ಗುಣಕ್ಕೂ ಒಂದು ವೈರಾಣುವಿಗೆ ಎದುರು ನಿಲ್ಲುವ ಗುಣಕ್ಕೂ ಸಂಬಂಧವಿಲ್ಲ.

ಸೂರ್ಯಕಾಂತಿಯ ಕಥೆ ಬೇರೆ. 1997ರಲ್ಲಿ ಬಾಗೇಪಲ್ಲಿಯ ಬಳಿ ಸೂರ್ಯಕಾಂತಿ ಗಿಡಗಳು ಕಪ್ಪಾಗಿ ಒಣಗಿ, ತೆನೆ ಸೊಟ್ಟಗಾಗುವ ರೋಗ ಮೊದಲು ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ರಾಜ್ಯದ ಸೂರ್ಯಕಾಂತಿ ಸೀಮೆಗಳಿಗೆ ಹಬ್ಬಿತು. ಇದಕ್ಕೆ ಕಾರಣವಾದ ತಂಬಾಕಿನ ಗೀರು ವೈರಾಣುವಿನಲ್ಲಿ ಮೂರು ತುಂಡುಗಳ ನೇರ ಆರ್‌ಎನ್‌ಎ ಇರುತ್ತದೆ, ಮತ್ತು ಆ ತುಂಡುಗಳು ಬೇರೆ ಬೇರೆ ಕಣಗಳಲ್ಲಿ ಅಡಕವಾಗಿರುವುದರಿಂದ ಮೂರೂ ಒಂದೇ ಗಿಡವನ್ನು ಹೊಕ್ಕರೆ ಮಾತ್ರ ರೋಗ ಉಂಟಾಗುತ್ತದೆ. ನೇರ ಎಳೆಯಾದರೂ ಇದು ತಂಬಾಕಿನ ಮೊಸಾಯಿಕ್ ವೈರಾಣುವಿನಂತೆ ಬರಿಯ ಆರ್‌ಎನ್‌ಎಯಿಂದ ಕೆಲಸ ಸಾಗಿಸಲಾರದು. ಹೊದಿಕೆಯ ಪ್ರೋಟೀನು ಸ್ವಲ್ಪವಾದರೂ ಜೊತೆಗಿರಲೇಬೇಕು. ವೈರಾಣು ಪರಾಗದಲ್ಲಿ ಅಡಗಿರುತ್ತದೆ; ಥ್ರಿಪ್ಸ್ ಕೀಟಗಳು ಎಲೆಯನ್ನು ಕೆರೆದು ಮಾಡಿದ ಗಾಯದ ಮೂಲಕ ಗಿಡದೊಳಗೆ ಹೋಗುತ್ತದೆ. ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಎಲ್ಲೆಲ್ಲೂ ಬೆಳೆಯುವ ಪಾರ್ಥೇನಿಯಂ ಕಸದ ಪರಾಗವೇ ಅದರ ದೊಡ್ಡ ಉಗ್ರಾಣ, ಆದರೆ ಆ ಕಸದ ಮೇಲೆ ರೋಗದ ಲಕ್ಷಣವೇ ಕಾಣುವುದಿಲ್ಲ. ಇದೇ ವೈರಾಣು 2000ದಲ್ಲಿ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿ ಸುಮಾರು 2,25,000 ಹೆಕ್ಟೇರ್ ಶೇಂಗಾ ಬೆಳೆಯನ್ನು ಹಾಳುಮಾಡಿತು. ನಷ್ಟ 300 ಕೋಟಿ ರೂಪಾಯಿ ಮೀರಿತೆಂದು ಅಂದಾಜಿಸಲಾಯಿತು. ಹೊಲದ ಸುತ್ತ ಜೋಳದ ಸಾಲುಗಳನ್ನು ಹಾಕಬೇಕೆಂಬ ಸಲಹೆ ಗಾಳಿಯಲ್ಲಿ ಬರುವ ಥ್ರಿಪ್ಸ್ ಮತ್ತು ಪರಾಗಗಳನ್ನು ತಡೆಯುವ ಉದ್ದೇಶದ್ದು.

ಮೆಣಸಿನ ಗಿಡದ ಮುಟುರು ರೋಗ ಮತ್ತು ಹೆಸರಿನ ಹಳದಿ ರೋಗಗಳನ್ನು ತರುವ ವೈರಾಣುಗಳಲ್ಲಿ ಆರ್‌ಎನ್‌ಎ ಇಲ್ಲ. ಒಂಟಿ ಎಳೆಯ ಡಿಎನ್‌ಎ ಬಳೆಯಾಕಾರದಲ್ಲಿ ಇರುತ್ತದೆ. ಒಂದು ಬಳೆಯಲ್ಲಿ ಇರುವುದು ಸುಮಾರು 2,700 ಅಕ್ಷರ; ಮನುಷ್ಯನ ಆನುವಂಶಿಕ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆಯೆಂಬುದನ್ನು ಎದುರಿಗಿಟ್ಟು ನೋಡಿದರೆ ಇಷ್ಟು ಸಣ್ಣ ಬರಹ ಇಡೀ ಹೊಲವನ್ನು ಹಳದಿಯಾಗಿಸುವುದು ವಿಸ್ಮಯದ ಸಂಗತಿ. ಇಷ್ಟರಲ್ಲಿ ತನ್ನದೇ ನಕಲು ಕಿಣ್ವಕ್ಕೆ ಜಾಗವಿಲ್ಲದ್ದರಿಂದ ಅದು ಗಿಡದ ಕೋಶಕೇಂದ್ರಕ್ಕೆ ಹೋಗಿ, ಗಿಡ ತನ್ನ ಡಿಎನ್‌ಎಯನ್ನು ನಕಲು ಮಾಡಲು ಇಟ್ಟುಕೊಂಡಿರುವ ಕಿಣ್ವವನ್ನೇ ತನ್ನ ಚಾಕರಿಗೆ ಹಚ್ಚುತ್ತದೆ. ಹೆಸರಿನ ವೈರಾಣುವಿಗೆ ಇಂಥ ಎರಡು ಬಳೆಗಳಿದ್ದರೆ, ಮೆಣಸಿನ ವೈರಾಣುವಿನೊಂದಿಗೆ ಬಹಳ ಸಲ ಅದರ ಅರ್ಧದಷ್ಟೇ ದೊಡ್ಡದಾದ ಒಂದು ಉಪಗ್ರಹ ಡಿಎನ್‌ಎ ಸೇರಿಕೊಂಡಿರುತ್ತದೆ. ಈ ಉಪಗ್ರಹವು ಗಿಡದ ಸಹಜ ರಕ್ಷಣಾ ವ್ಯವಸ್ಥೆಯನ್ನು ಅಡಗಿಸುವ ಪ್ರೋಟೀನನ್ನು ಉತ್ಪಾದಿಸಿ ರೋಗವನ್ನು ಉಲ್ಬಣಗೊಳಿಸುತ್ತದೆ. ಎರಡೂ ರೋಗಗಳ ವಾಹಕ ಬಿಳಿನೊಣ. ಮೆಣಸಿನ ಎಲೆ ಥ್ರಿಪ್ಸ್ ಮತ್ತು ನುಸಿಗಳ ಬಾಧೆಯಿಂದಲೂ ಮುದುಡುವುದರಿಂದ ಎಲ್ಲ ಮುಟುರಿಗೂ ವೈರಾಣುವೇ ಕಾರಣವೆಂದು ತಿಳಿಯಬಾರದು.

ರೈತರಿಗೆ ನೆರವಾಗುವ ವೈರಾಣುಗಳೂ ಇವೆಯೆಂಬುದನ್ನು ಹೇಳದಿದ್ದರೆ ಈ ವಿಷಯಕ್ಕೆ ಅನ್ಯಾಯವಾದೀತು. ತೊಗರಿಯ ಕಾಯಿಕೊರಕ ಕೀಡೆಗೆ ಎಕರೆಗೆ 100 ಎಲ್‌ಇ ಪ್ರಮಾಣದಲ್ಲಿ ಸಿಂಪಡಿಸುವ ಎನ್‌ಪಿವಿ ದ್ರಾವಣವು ಜೋಡಿ ಎಳೆಯ ಡಿಎನ್‌ಎ ಇರುವ ವೈರಾಣುವಿನದು. ಅದರ ಬರಹ ಸುಮಾರು 1,31,000 ಅಕ್ಷರಗಳಷ್ಟು ದೊಡ್ಡದು. ಎಲ್‌ಇ ಎಂದರೆ ಆ ರೋಗದಿಂದ ಸತ್ತ ಒಂದು ಪೂರ್ಣ ಬೆಳೆದ ಕೀಡೆಯಿಂದ ಸಿಗುವಷ್ಟು ವೈರಾಣು. ಪ್ರೋಟೀನಿನ ಹರಳುಗಳೊಳಗೆ ಹುದುಗಿರುವ ಕಣಗಳು ಎಲೆಯೊಂದಿಗೆ ಕೀಡೆಯ ಹೊಟ್ಟೆ ಸೇರಿದಾಗ, ಅಲ್ಲಿನ ಕ್ಷಾರಗುಣದಿಂದ ಹರಳು ಕರಗಿ ಡಿಎನ್‌ಎ ಕೋಶಗಳನ್ನು ಹೊಗುತ್ತದೆ. ಕೀಡೆ ಕೆಲವು ದಿನಗಳಲ್ಲಿ ರೆಂಬೆಯ ತುದಿಗೆ ಹತ್ತಿ ತಲೆಕೆಳಗಾಗಿ ಜೋತು ಸಾಯುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಡಿಎನ್‌ಎಯನ್ನು ಹಾಳುಮಾಡುವುದರಿಂದ ಈ ದ್ರಾವಣವನ್ನು ಇಳಿಹೊತ್ತಿನಲ್ಲಿ, ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿ ಹೊಡೆಯಬೇಕೆಂದು ಹೇಳುತ್ತಾರೆ. ಮಧ್ಯಾಹ್ನದ ಉರಿಯಲ್ಲಿ ಹೊಡೆದವರ ದುಡ್ಡು ವ್ಯರ್ಥವಾಗುವುದು ಆನುವಂಶಿಕ ವಸ್ತುವಿನ ಈ ಗುಣದಿಂದಲೇ. 2002ರಲ್ಲಿ ದೇಶದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿಯೂ ವೈರಾಣುವಿನ ಡಿಎನ್‌ಎಯ ಒಂದು ಚೂರಿದೆ. ಬ್ಯಾಕ್ಟೀರಿಯಾದಿಂದ ತಂದ ವಂಶವಾಹಿಯನ್ನು ಹತ್ತಿಯ ಕೋಶ ಓದುವಂತೆ ಮಾಡಲು ಹೂಕೋಸಿನ ಮೊಸಾಯಿಕ್ ವೈರಾಣುವಿನಿಂದ ತೆಗೆದ ಚಾಲಕ ತುಣುಕನ್ನು ಅದರ ಮುಂದೆ ಜೋಡಿಸಲಾಗಿದೆ. ಅದು ವೈರಾಣುವಲ್ಲ, ರೋಗ ತರುವಂಥದ್ದೂ ಅಲ್ಲ.

ಜಾನುವಾರುಗಳ ವಿಷಯಕ್ಕೆ ಬಂದರೆ ಡಿಎನ್‌ಎ ಮತ್ತು ಆರ್‌ಎನ್‌ಎಗಳ ಸ್ವಭಾವಭೇದ ನೇರವಾಗಿ ಲಸಿಕೆಯ ಬಾಟಲಿಯಲ್ಲಿಯೇ ಕಾಣುತ್ತದೆ. ಡಿಎನ್‌ಎಯನ್ನು ನಕಲು ಮಾಡುವ ಕಿಣ್ವಗಳು ಸಾಮಾನ್ಯವಾಗಿ ತಾವು ಮಾಡಿದ ತಪ್ಪನ್ನು ತಾವೇ ತಿದ್ದುತ್ತ ಹೋಗುತ್ತವೆ; ಆರ್‌ಎನ್‌ಎ ವೈರಾಣುಗಳ ಕಿಣ್ವಗಳಿಗೆ ಬಹುಪಾಲು ಈ ಗುಣವಿಲ್ಲ, ಹತ್ತು ಸಾವಿರದಿಂದ ಒಂದು ಲಕ್ಷ ಅಕ್ಷರಗಳಿಗೆ ಒಂದರಂತೆ ಅವು ತಪ್ಪುತ್ತವೆ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು 2020ರಲ್ಲಿ ಕರ್ನಾಟಕಕ್ಕೆ ಬಂದ ಚರ್ಮಗಂಟು ರೋಗದ ವೈರಾಣುವಿನಲ್ಲಿ ಸುಮಾರು 1,51,000 ಅಕ್ಷರಗಳ ಜೋಡಿ ಎಳೆಯ ಡಿಎನ್‌ಎ ಇದೆ, ಮತ್ತು ಅದು ಮೇಕೆಗಳ ಸಿಡುಬಿನ ವೈರಾಣುವಿನ ಡಿಎನ್‌ಎಯನ್ನು ನೂರಕ್ಕೆ 96ಕ್ಕಿಂತ ಹೆಚ್ಚು ಹೋಲುತ್ತದೆ. ಮೇಕೆ ಸಿಡುಬಿಗೆಂದು ಇದ್ದ ಲಸಿಕೆಯನ್ನು ದನಗಳಿಗೆ ಹಾಕಿ ರಕ್ಷಿಸಲು ಸಾಧ್ಯವಾದದ್ದು ಈ ಹೋಲಿಕೆಯಿಂದ. ಕಾಲುಬಾಯಿ ರೋಗದ ವೈರಾಣುವಾದರೋ ಸುಮಾರು 8,400 ಅಕ್ಷರಗಳ ನೇರ ಆರ್‌ಎನ್‌ಎ. ಅದು ಬದಲಾಗುತ್ತ ಬದಲಾಗುತ್ತ ಜಗತ್ತಿನಲ್ಲಿ ಏಳು ಬಗೆಗಳಾಗಿ ಒಡೆದಿದೆ, ಒಂದು ಬಗೆಯ ವಿರುದ್ಧ ದನದ ಮೈಯಲ್ಲಿ ಹುಟ್ಟಿದ ರಕ್ಷಣೆ ಇನ್ನೊಂದು ಬಗೆಯನ್ನು ತಡೆಯುವುದಿಲ್ಲ. ಆದ್ದರಿಂದಲೇ ಭಾರತದ ಲಸಿಕೆಯಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳನ್ನು ಸೇರಿಸಿ, ಆರು ತಿಂಗಳಿಗೊಮ್ಮೆ ಹಾಕಲಾಗುತ್ತದೆ. 2013ರಲ್ಲಿ ಈ ರೋಗ ರಾಜ್ಯದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು.

ಮಳೆಗಾಲ ಹಿಡಿದ ಮೇಲೆ ಕುರಿಗಳನ್ನು ಕಾಡುವ ನೀಲಿ ನಾಲಿಗೆ ರೋಗ ಇನ್ನೂ ಜಟಿಲವಾದದ್ದು. ಅದರ ವೈರಾಣುವಿನಲ್ಲಿ ಜೋಡಿ ಎಳೆಯ ಆರ್‌ಎನ್‌ಎ ಹತ್ತು ತುಂಡುಗಳಾಗಿದೆ. ಕುರಿಯ ರಕ್ತ ಹೀರುವ, ಸೊಳ್ಳೆಗಿಂತಲೂ ಚಿಕ್ಕದಾದ ಒಂದು ಕೀಟ ಅದನ್ನು ಹರಡುತ್ತದೆ. ಒಂದೇ ಕುರಿಗೆ ಇಂಥ ಎರಡು ಬಗೆಯ ವೈರಾಣುಗಳು ತಗುಲಿದರೆ ಹೊಸದಾಗಿ ಹುಟ್ಟುವ ಕಣಗಳಲ್ಲಿ ಎರಡರ ತುಂಡುಗಳೂ ಅದಲುಬದಲಾಗಬಹುದು, ಹತ್ತು ತುಂಡುಗಳಿಂದ ಲೆಕ್ಕಕ್ಕೆ 1,024 ಜೋಡಣೆಗಳು ಸಾಧ್ಯ. ಎರಡು ಡಜನ್ನಿಗೂ ಮೀರಿದ ಬಗೆಗಳಿರುವ ಈ ವೈರಾಣುವಿಗೆ ಭಾರತದಲ್ಲಿ ಐದು ಬಗೆಗಳನ್ನು ಒಳಗೊಂಡ ಲಸಿಕೆಯನ್ನು ತಯಾರಿಸಲಾಗಿದೆ. ಮೇವು ಅರಸಿ ಜಿಲ್ಲೆಯಿಂದ ಜಿಲ್ಲೆಗೆ ಸಂಚರಿಸುವ ಹಿಂಡುಗಳು ಒಂದೆಡೆಯ ವೈರಾಣುವನ್ನು ಇನ್ನೊಂದೆಡೆಯ ವೈರಾಣುವಿನ ಹತ್ತಿರಕ್ಕೆ ತರುತ್ತವೆಯಾದ್ದರಿಂದ, ವಲಸೆ ಹೊರಡುವ ಮೊದಲೇ ಲಸಿಕೆ ಬೀಳುವುದು ಮುಖ್ಯ.

ಆನುವಂಶಿಕ ಬರಹವು ರೋಗದ ಚರಿತ್ರೆಯನ್ನೂ ಹೇಳುತ್ತದೆಂಬುದಕ್ಕೆ 2005ರ ಕೊನೆಯಲ್ಲಿ ಆರಂಭವಾಗಿ ರಾಯಚೂರು ಸೇರಿದಂತೆ ರಾಜ್ಯದ ಬಹುಭಾಗವನ್ನು ಹಾಸಿಗೆ ಹಿಡಿಸಿದ ಚಿಕೂನ್‌ಗುನ್ಯಾ ಸಾಕ್ಷಿ. 2006ರಲ್ಲಿ ಕರ್ನಾಟಕದಲ್ಲಿಯೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಮನೆಮಂದಿಯೆಲ್ಲ ಕೀಲುನೋವಿನಿಂದ ಏಳಲಾರದೆ ಮಲಗಿದ ಊರುಗಳಿದ್ದವು. ಭಾರತದಲ್ಲಿ ಇದು 1963ರಲ್ಲಿ ಕೋಲ್ಕತ್ತದಲ್ಲಿ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಸಿಯಲ್ಲಿ ಕಾಣಿಸಿಕೊಂಡು ನಂತರ 32 ವರ್ಷ ಸುಮ್ಮನಾಗಿತ್ತು. ಹಳೆಯ ವೈರಾಣುವೇ ಮರಳಿ ಬಂದಿತೆಂದು ಯಾರಾದರೂ ಊಹಿಸಬಹುದಿತ್ತು. ಆದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಸುಮಾರು 11,800 ಅಕ್ಷರಗಳ ಆ ಆರ್‌ಎನ್‌ಎಯ ಭಾಗಗಳನ್ನು ಓದಿ ಹೋಲಿಸಿದಾಗ, 1963ರಿಂದ 1973ರವರೆಗಿನವು ಏಷ್ಯಾ ವಂಶದವು, ಹೊಸದು ಆಫ್ರಿಕಾ ವಂಶದ್ದು ಎಂದು ತಿಳಿಯಿತು. ಮಹಾರಾಷ್ಟ್ರದ ಯವತ್‌ನಲ್ಲಿ 2000ದಲ್ಲಿ ಸಿಕ್ಕಿ ಸಂಗ್ರಹದಲ್ಲಿದ್ದ ವೈರಾಣುವೂ ಆಫ್ರಿಕಾ ವಂಶದ್ದೇ ಆಗಿತ್ತು; ಎಂದರೆ ಈ ಅತಿಥಿ ಪಿಡುಗಿಗೆ ಐದು ವರ್ಷ ಮೊದಲೇ ನೆರೆರಾಜ್ಯವನ್ನು ಮುಟ್ಟಿತ್ತು. ಇದೇ ವಂಶದಲ್ಲಿ ಒಂದು ಅಕ್ಷರ ಬದಲಾಗಿ, ಹೊರ ಹೊದಿಕೆಯ ಪ್ರೋಟೀನಿನ 226ನೇ ಸ್ಥಾನದ ಅಮೈನೋ ಆಮ್ಲ ಬೇರೆಯಾದ ತಳಿಯೊಂದು 2007ರಲ್ಲಿ ಕೇರಳದಲ್ಲಿ ಹರಡಿತು. ತೋಟಗಳಲ್ಲಿ ಬದುಕುವ ಏಡಿಸ್ ಆಲ್ಬೋಪಿಕ್ಟಸ್ ಸೊಳ್ಳೆಯ ಮೈಯಲ್ಲಿ ಚೆನ್ನಾಗಿ ಬೆಳೆಯುವ ಶಕ್ತಿ ಅದಕ್ಕೆ ಆ ಒಂದು ಅಕ್ಷರದಿಂದ ಬಂದಿತ್ತು. ರಾಯಚೂರಿನಂಥ ಒಣ ಸೀಮೆಯಲ್ಲಿ ಅದರ ಅಗತ್ಯವೇ ಇರಲಿಲ್ಲ. ನಲ್ಲಿ ನೀರು ದಿನವೂ ಬಾರದ ಊರುಗಳಲ್ಲಿ ಹರವಿ, ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುವ ನೀರೇ ಏಡಿಸ್ ಈಜಿಪ್ಟೈ ಸೊಳ್ಳೆಗೆ ಸಾಕಾಗಿತ್ತು.

ಆರ್‌ಎನ್‌ಎಯನ್ನು ಪ್ರಯೋಗಾಲಯದಲ್ಲಿ ಓದುವುದಕ್ಕೆ ಮೊದಲು ಅದನ್ನು ಡಿಎನ್‌ಎಯಾಗಿ ತಿರುಗಿಸಿಕೊಳ್ಳಬೇಕು. ಹಾಗೆ ತಿರುಗಿಸುವ ಕಿಣ್ವವನ್ನು ಹೊವಾರ್ಡ್ ಟೆಮಿನ್ ಮತ್ತು ಬಾಲ್ಟಿಮೋರ್ 1970ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದದ್ದು ಕೂಡ ವೈರಾಣುಗಳಲ್ಲಿಯೇ. ಕೋವಿಡ್ ಕಾಲದಲ್ಲಿ ಹಳ್ಳಿಹಳ್ಳಿಗೂ ಪರಿಚಿತವಾದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಮೊದಲ ಹೆಜ್ಜೆ ಅದು. ತೊಗರಿಯ ಎಲೆಯಲ್ಲಿರುವುದು ಐದು ತುಂಡಿನ ವೈರಾಣುವೋ ಆರು ತುಂಡಿನದೋ ಎಂದು ಹೇಳುವುದಕ್ಕೂ ಇದೇ ಪರೀಕ್ಷೆ ಸಾಕು. ಮನುಷ್ಯರ ಪರೀಕ್ಷೆಗೆಂದು ಜಿಲ್ಲೆ ಜಿಲ್ಲೆಗಳಲ್ಲಿ ಸ್ಥಾಪಿಸಿದ ಇಂಥ ಸೌಲಭ್ಯ ಬೆಳೆಗಳಿಗೂ ಕುರಿಗಳಿಗೂ ತಾಲ್ಲೂಕಿನ ಮಟ್ಟದಲ್ಲಿ ದೊರೆಯಬೇಕಾದುದು ನ್ಯಾಯ.

ಗಿಡದೊಳಗೆ ಸೇರಿದ ವೈರಾಣುವನ್ನು ಕೊಲ್ಲುವ ಸಿಂಪಡಣೆಯ ಔಷಧಿ ಯಾವ ಅಂಗಡಿಯಲ್ಲಿಯೂ ಇಲ್ಲ, ಏಕೆಂದರೆ ಅದರ ಆನುವಂಶಿಕ ವಸ್ತು ಗಿಡದ ಕೋಶದೊಳಗೆ ಗಿಡದ್ದೇ ಸಲಕರಣೆಗಳನ್ನೂ ಬಳಸಿಕೊಂಡು ನಕಲಾಗುತ್ತಿರುತ್ತದೆ. ಹಾಗೆಂದು ರೈತರ ಕೈ ಕಟ್ಟಿಹೋಗಿಲ್ಲ. ಗೊಡ್ಡು ರೋಗ ಬೀಜದಿಂದ ಬರುವುದಿಲ್ಲ. ಹಿಂದಿನ ವರ್ಷದ ಕೂಳೆ ತೊಗರಿಯಲ್ಲಿ, ಬದುವಿನ ಮೇಲೆ ವರ್ಷಾನುಗಟ್ಟಲೆ ನಿಂತ ಒಂಟಿ ತೊಗರಿ ಗಿಡದಲ್ಲಿ ನುಸಿಯೊಂದಿಗೆ ಉಳಿದು ಬರುತ್ತದೆ. ಮುಂಗಾರಿನ ಬಿತ್ತನೆಗೆ ಮೊದಲು ಅವನ್ನು ಕಿತ್ತು ತೆಗೆಯಬೇಕು, ಪಾರ್ಥೇನಿಯಂ ಹೂಬಿಡುವ ಮುನ್ನ ಅದನ್ನೂ ತೆಗೆಯಬೇಕು, ರೋಗ ತಡೆಯುವ ತಳಿಯನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಇಲ್ಲವೇ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ ಆರಿಸಬೇಕು, ದನಗಳಿಗೆ ಕಾಲುಬಾಯಿ ಲಸಿಕೆಯ ಒಂದು ಸರದಿಯನ್ನೂ ತಪ್ಪಿಸಬಾರದು.